ಬಿಳಿಪುಡಿಯೂ ಉಪ್ಪಾಗೆ ಹುಳಿಯೂ

ಮುದುಕರಿಗೆ ಒಂದೊಂದು ಚಟ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ನನ್ನದು ಚೀಟಿ ಓದುವುದು. ಅಂಗಡಿಯಿಂದ ಮನೆಗೆ ಬಂದ ಯಾವ ಬಾಟಲಿಯೂ, ಯಾವ ಡಬ್ಬಿಯೂ ನನ್ನ ಕನ್ನಡಕದ ಕೆಳಗೆ ಹಾಯದೆ ಕಪಾಟು ಸೇರುವ ಹಾಗಿಲ್ಲ. ಅದರಲ್ಲೂ ನೆಲ ಒರೆಸುವುದು, ಬಚ್ಚಲು ತಿಕ್ಕುವುದು, ಬಟ್ಟೆಯ ಕಲೆ ತೆಗೆಯುವುದು ಇಂಥದ್ದೇನಾದರೂ ಬಂತೋ, ಪಡಸಾಲೆಯಲ್ಲಿ ಕೂತು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಮಾಡಿದವರ ವಿಳಾಸ ಸಮೇತ, ಗಟ್ಟಿಯಾಗಿ ಓದುತ್ತೇನೆ. ಸೊಸೆ ಒಳಗಿನಿಂದಲೇ, “ಮಾವನವರ ಪುರಾಣ ಶುರುವಾತು” ಅನ್ನುತ್ತಾಳೆ. ಅನ್ನಲಿ, ಪಾಪ. ಪುರಾಣ ಹೇಳುವವನಿಗೆ ಕೇಳುವವರಿದ್ದಾರೆ ಎಂದಾದರೂ ಆಯಿತಲ್ಲ.

ಇನ್ನೊಂದು ಹುಚ್ಚೂ ಇದೆ. ನಮ್ಮ ಮನೆಯಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬಿ ಬಚ್ಚಲಿನ ಮೇಲುಗೂಡಿನಲ್ಲಿದ್ದರೆ, ಕಕ್ಕಸು ತೊಳೆಯುವ ಆ್ಯಸಿಡ್ಡು ಹಿತ್ತಿಲ ಗೂಡಿನಲ್ಲಿ ಬೀಗದೊಳಗೆ. ನಡುವೆ ಹತ್ತು ಮಾರು ದೂರ. ಒಂದು ಬಳಸಿದ ದಿನ ಇನ್ನೊಂದನ್ನು ಮುಟ್ಟುವಂತಿಲ್ಲ. “ಅವೇನು ಸವತೇರೇನ್ರಿ ಮಾವಾ?” ಎಂದು ಸೊಸೆ ಕೇಳಿದಳು. ಅದಕ್ಕಿಂತ ಕೆಟ್ಟವು ತಾಯೀ ಎಂದೆ. ಸವತಿಯರು ಕೂಡಿದರೆ ಮನೆಯವರಿಗೆ ನಿದ್ದೆ ಇರುವುದಿಲ್ಲ, ಇವು ಕೂಡಿದರೆ ಉಸಿರೇ ಇರುವುದಿಲ್ಲ. ಅವಳು ನಕ್ಕಳು. ನಾನು ನಗಲಿಲ್ಲ, ಆದರೆ ಕಾರಣವನ್ನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ನೀವು ಹೊರಗಿನವರು.

ಮೂವತ್ತರ ದಶಕದ ನಡುವಿನ ಮಾತು, ಮುಂಬೈ ಇಲಾಖೆಯ ಕಾಲ. ಶಿರಸಿಯ ಪೇಟೆಯಲ್ಲಿ ನಮ್ಮಪ್ಪನದೊಂದು ಖಾನಾವಳಿ ಇತ್ತು. ಬನವಾಸಿ ಕಡೆಯಿಂದ ಬಂದು ನೆಲೆಸಿದ ಮನೆತನ ನಮ್ಮದು. ಮಾತಿನಲ್ಲಿ ಬಯಲುಸೀಮೆ ಇನ್ನೂ ಹೋಗಿರಲಿಲ್ಲ. ಸಿದ್ದಾಪುರದಿಂದ ಕೋರ್ಟಿಗೆ ಬಂದವರು, ಯಲ್ಲಾಪುರದ ಮೋಟಾರಿನವರು, ಅರಬೈಲ್ ಘಟ್ಟ ಹತ್ತಿ ಮೈ ನುಗ್ಗಾದ ಗಾಡಿಯವರು, ಎಲ್ಲರೂ ನಮ್ಮಲ್ಲಿ ಉಂಡವರೇ. ಅಪ್ಪನಿಗೆ ಹೊರಗಿನ ಯಜಮಾನಿಕೆ. ಒಳಗೆ ದೊಡ್ಡವ್ವನದೇ ರಾಜ್ಯ.

ದೊಡ್ಡವ್ವ ಅಂದರೆ ತೀರಿಹೋದ ದೊಡ್ಡಪ್ಪನ ಹೆಂಡತಿ. ನನ್ನನ್ನೂ ನನ್ನ ತಂಗಿ ಗಂಗಿಯನ್ನೂ, ತಾಯಿಯಿಲ್ಲದ ಇಬ್ಬರನ್ನೂ, ಸಾಕಿದವಳು. ಅವಳ ಧರ್ಮಶಾಸ್ತ್ರವೆಲ್ಲ ಪಾತ್ರೆಗಳಲ್ಲಿ ಅಡಗಿತ್ತು. “ಬೂದಿ ಜಿಡ್ಡು ತಗೀತೈತಿ, ಹುಳಿ ಬೆಳಕು ತರತೈತಿ” ಎಂಬುದು ಅದರ ಮೊದಲ ಸೂತ್ರ. ಎರಡನೆಯ ಸೂತ್ರವಿಲ್ಲ. ಹಿತ್ತಾಳೆಯೋ ತಾಮ್ರವೋ, ಹುಳಿ ಬೀಳದ ಪಾತ್ರೆ ಅವಳ ಲೆಕ್ಕದಲ್ಲಿ ತೊಳೆದ ಪಾತ್ರೆಯೇ ಅಲ್ಲ. ಬನವಾಸಿಯಲ್ಲಿ ಹುಣಸೆ ಹಚ್ಚುತ್ತಿದ್ದವಳು ಶಿರಸಿಗೆ ಬಂದ ಮೇಲೆ ಉಪ್ಪಾಗೆ ಹುಳಿಗೆ ಮನಸೋತಿದ್ದಳು. ಕಾಡಿನಿಂದ ತಂದು ಒಣಗಿಸಿ ಮಾರುವ ಆ ಕಪ್ಪು ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ನಾಲಗೆ ಸುಕ್ಕಾಗುವಷ್ಟು ಹುಳಿ. ಅದರಲ್ಲಿ ಅದ್ದಿ ತೆಗೆದ ತಂಬಿಗೆ ನೋಡಿದರೆ ಬಂಗಾರದ್ದೇನೋ ಅನ್ನಿಸುತ್ತಿತ್ತು.

ಚಿಕ್ಕಂದಿನಲ್ಲಿ ನನ್ನ ಪಾಲಿಗೆ ವರ್ಷಗಳು ವಾಸನೆಗಳಿಂದ ಗುರುತಾಗುತ್ತಿದ್ದವು. ಕಲಾಯಿಯವನು ಬಂದು ಅಂಗಳದಲ್ಲಿ ಒಲೆ ಹೂಡಿ, ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಬುಸ್ಸೆಂದು ಏಳುವ ಬಿಳಿ ಹೊಗೆಗೆ ನಾವು ಮೂಗೊಡ್ಡಿ ನಿಲ್ಲುತ್ತಿದ್ದೆವು. ಕೆಮ್ಮು ಬಂದವರು ಸೋತಂತೆ. ಕಲಾಯಿಯವನು ಮಾತ್ರ ಯಾವಾಗಲೂ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ನಾವು ಅದನ್ನು ನೋಡಿ, ಅವನಿಗೆ ನಮ್ಮನ್ನು ಕಂಡರೆ ನಾಚಿಕೆ ಅಂದುಕೊಂಡಿದ್ದೆವು.

ಪೇಟೆಯಲ್ಲಿ ಫೆನಾಯಿಲು ಹೊಸದಾಗಿ ಬಂದಾಗ ಅಪ್ಪ ಒಂದು ಬಾಟಲಿ ತಂದ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಅದನ್ನು ಚೆಂಬಿನಲ್ಲಿ ಕಲಸಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿದ್ದನಂತೆ. ಅರಬೈಲಿನಿಂದ ಬಂದ ಗಾಡಿಯವನೊಬ್ಬ, ಮಜ್ಜಿಗೆ ಎಂದು ಎತ್ತಿ ಬಾಯಿಗೆ ಹಾಕಿಕೊಂಡು ಅಂಗಳದ ತುಂಬ ಉಗುಳಿದ. ಪುಣ್ಯಕ್ಕೆ ಹೊಟ್ಟೆಗೆ ಇಳಿದಿರಲಿಲ್ಲ. “ಮಜ್ಜಿಗಿ ಕೆಟ್ಟೈತ್ರಿ ನಿಮ್ಮದು” ಎಂದನಂತೆ. ಆಮೇಲೆ ಅಪ್ಪ ಉಣ್ಣುವ ಕುಡಿಯುವ ಪಾತ್ರೆಯಲ್ಲಿ ಬೇರೆ ಯಾವುದನ್ನೂ ಹಾಕಗೊಡಲಿಲ್ಲ. ಬುದ್ಧಿ ಬರಲು ಒಬ್ಬ ಗಾಡಿಯವನ ಬಾಯಿ ಸುಡಬೇಕಾಯಿತು ಅಷ್ಟೆ.

ಇರಲಿ, ಗಂಗಿಯ ವಿಷಯಕ್ಕೆ ಬರುತ್ತೇನೆ. ನನಗಿಂತ ಮೂರು ವರ್ಷ ಚಿಕ್ಕವಳು. ನಾಲ್ಕನೆಯ ಇಯತ್ತೆ ಮುಗಿಸಿ ಒಲೆಯ ಮುಂದೆ ಬಂದವಳು. ಅವಳ ಗಂಟಲು ಅಂಥದ್ದು, ಇಂಥದ್ದು ಎಂದು ಬಣ್ಣಿಸಲು ನನಗೆ ಸಂಗೀತ ತಿಳಿಯದು. ಒಂದು ಮಾತು ಹೇಳಬಲ್ಲೆ. ಅವಳು ಒಳಗೆ ಬೀಸುತ್ತ ವಚನ ಹಾಡತೊಡಗಿದರೆ, ಹೊರಗೆ ಉಂಡು ಎದ್ದವರು ಮತ್ತೆ ಕೂತು ಇನ್ನೊಂದು ಬಟ್ಟಲು ಮಜ್ಜಿಗೆ ಕೇಳುತ್ತಿದ್ದರು. ಅಪ್ಪನಿಗೆ ಮಜ್ಜಿಗೆಯ ನಷ್ಟ, ಮುಖದಲ್ಲಿ ಮಾತ್ರ ಲಾಭ.

ಬನವಾಸಿಯ ಒಂದು ವ್ಯಾಪಾರಸ್ಥರ ಮನೆಯ ಯಜಮಾನಿತಿ ಯಾವುದೋ ಮದುವೆಯಲ್ಲಿ ಈ ಹಾಡು ಕೇಳಿದ್ದಳು. ಅವಳ ಮಗಳೂ ಹಾಡುತ್ತಿದ್ದವಳಂತೆ, ಹಿಂದಿನ ವರ್ಷ ತೀರಿಕೊಂಡಿದ್ದಳು. “ಮನಿ ಮೂಕಾಗೇತ್ರಿ. ನಮಗ ಬಂಗಾರ ಬ್ಯಾಡ, ಹಾಡೂ ಸೊಸಿ ಬೇಕು” ಎಂದು ಹೇಳಿಕಳಿಸಿದಳು. ಸೋಮವಾರ ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು. ಗಂಗಿಗೂ ಮನಸ್ಸಿತ್ತು, ಯಾವ ಹಾಡು ಹಾಡಲಿ ಎಂದು ನನ್ನನ್ನೇ ನಾಲ್ಕು ಸಲ ಕೇಳಿದಳು.

ಅದೇ ವಾರ ಊರಲ್ಲಿ ವಾಂತಿಭೇದಿಯ ಸುದ್ದಿ ಹಬ್ಬಿತು. ಮುನ್ಸಿಪಾಲಿಟಿಯ ಮುಕಾದಮ ಇಮಾಮಸಾಬರು ಕೈಗಾಡಿಯ ಮೇಲೆ ಪೀಪಾಯಿ ಹೇರಿಕೊಂಡು ಬಂದರು. ಬಾವಿಗೆ ಹಾಕುವ ಬಿಳಿಪುಡಿ. ಬಿಳಿ ಗಡ್ಡದ, ಮೆಲುದನಿಯ ಮನುಷ್ಯ. ಬಾವಿಯ ಆಳ ನೋಡಿ, ಅಳತೆ ಮಾಡಿ ತಾವೇ ಹಾಕಿದರು. ಬಚ್ಚಲಿಗೂ ಗಟಾರಕ್ಕೂ ಎಂದು ಒಂದು ಡಬ್ಬಿ ಪುಡಿಯನ್ನು ನಮ್ಮ ಕೈಗೆ ಕೊಟ್ಟರು. “ಬಿಗಿ ಮುಚ್ಚಿ ಇಡ್ರಿ, ಹಸಿ ತಾಗಬಾರದು. ಮುಟ್ಟೂ ಮುಂದ ಕೈಗೆ ಅರಿವಿ ಸುತ್ಕೋರಿ” ಎಂದು ಹೇಳಿ, ಅಚ್ಚಿನ ಚೀಟಿಯೊಂದನ್ನು ತೆಗೆದರು. ನನ್ನನ್ನು ನೋಡಿ ಅವರ ಮುಖ ಅರಳಿತು.

“ಉಳಿದ ಮನ್ಯಾಗೆಲ್ಲ ನಾ ನಿಂತು ಬಾಯಿಲೆ ಹೇಳಬೇಕಾಗತೈತ್ರಿ. ನಿಮ್ಮ ಮನ್ಯಾಗ ಮ್ಯಾಟ್ರಿಕ್ ಪಾಸಾದ ಸಾಹೇಬ ಅದಾನ. ಅಂವ ಓದಿ ಹೇಳ್ತಾನ, ನಾ ಮುಂದ ಹೋಗ್ತೀನಿ” ಎಂದರು.

ಹೌದು, ನಾನು ಆ ವರ್ಷ ಮ್ಯಾಟ್ರಿಕ್ ಪಾಸಾಗಿದ್ದೆ. ನಮ್ಮ ಮನೆತನದಲ್ಲಿ ಮೊದಲಿಗ. ಕೆಲಸವಿಲ್ಲ, ಕಾರ್ಯವಿಲ್ಲ, ಕೈಯಲ್ಲಿ ಸದಾ ಒಂದು ವರ್ತಮಾನಪತ್ರ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ನಡೆದಲ್ಲೆಲ್ಲ ನೆಲ ಒದ್ದೆಯಾಗುತ್ತಿತ್ತು.

ಚೀಟಿಯನ್ನು ಸುಮ್ಮನೆ ದೊಡ್ಡವ್ವನಿಗೆ ಓದಿ ಹೇಳಿದ್ದರೆ ಆಗುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತು, ಪಂಕ್ತಿಯಲ್ಲಿ ಹದಿನೈದು ಜನ. ಮಣೆಯ ಮೇಲೆ ನಿಂತೆ. ಒಂದನೆಯ ಸೂಚನೆ, ಎರಡನೆಯ ಸೂಚನೆ ಎಂದು ನಾಟಕದವರ ಧಾಟಿಯಲ್ಲಿ ಓದಿದೆ. ಏಳನೆಯದು ಮುಗಿದ ಮೇಲೆ ಸ್ವಂತದ್ದೂ ಸ್ವಲ್ಪ ಸೇರಿಸಿದೆ. “ಕ್ಲೋರೀನ್ ಎಂಬುದೊಂದು ಭಯಂಕರ ವಾಯು. ವಿಜ್ಞಾನಿಗಳು ಅದನ್ನು ಈ ಪುಡಿಯಲ್ಲಿ ಸೆರೆಹಿಡಿದು ಇಟ್ಟಿದ್ದಾರೆ!” ಎಂದೆ. ಯಲ್ಲಾಪುರದ ಮೋಟಾರು ಡ್ರೈವರನೊಬ್ಬ ಅನ್ನದ ಕೈಯಿಂದಲೇ ತೊಡೆ ತಟ್ಟಿ, “ಭಲೇ! ಮಾಮಲೇದಾರ ಆಗತಾನ್ರೀ ನಿಮ್ಮ ಹುಡುಗ!” ಎಂದ. ಜನ ನಕ್ಕರು. ನಮ್ಮಪ್ಪ, ನನ್ನನ್ನು ಹೊಗಳಿದರೆ ಬೇರೆ ಕಡೆ ನೋಡುವ ಅಪ್ಪ, ಅವತ್ತು ನನ್ನ ಕಡೆಯೇ ನೋಡಿ ನಕ್ಕ.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು. ಎಂಟನೆಯದು, ಸಣ್ಣ ಅಕ್ಷರದಲ್ಲಿ. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಡಿತು. ಈ ಪುಡಿಗೆ ಹುಳಿ, ನಿಂಬೆರಸ, ತೇಜಾಬು ಅಂದರೆ ಆ್ಯಸಿಡ್ಡು, ಯಾವುದನ್ನೂ ತಾಗಿಸಬಾರದು, ತಾಗಿಸಿದರೆ ವಿಷಗಾಳಿ ಏಳುವುದು ಎಂದಿತ್ತು. ಆಗಷ್ಟೇ ಮಾಮಲೇದಾರ ಆಗಿದ್ದವನು ಮತ್ತೆ ಹುಳಿ, ನಿಂಬೆಹಣ್ಣು ಎಂದು ಅಡಿಗೆಮನೆಗೆ ಇಳಿಯುವುದೇ? ಚಪ್ಪಾಳೆಯಾದ ಮೇಲೆ ಪರದೆ ಬೀಳಬೇಕು. ಚೀಟಿ ಮಡಿಸಿದೆ. ಆಮೇಲೆ ಅನ್ನದ ಅಗುಳು ಹಚ್ಚಿ ಅದನ್ನು ಅಡಿಗೆಮನೆಯ ಬಾಗಿಲ ಕಂಬಕ್ಕೆ ಅಂಟಿಸಿದೆ. ಕ್ಲೋರೀನು ಸೆರೆಯಲ್ಲಿದೆ ಎಂದು ಸಾರಿದವನು ನಾನು. ಸೆರೆಯ ಬಾಗಿಲು ತೆರೆಯುವವರಾರು ಎಂದು ಹೇಳುವ ಸಾಲನ್ನು ನುಂಗಿದವನೂ ನಾನೇ.

ದೊಡ್ಡವ್ವನಿಗೆ ಕಾಗದದ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಆದರೆ ಆ ದಿನ ಹದಿನೈದು ಜನರ ಎದುರಿಗೆ ಬಂದ ಮರ್ಯಾದೆ ಕಂಡು, “ನಮ್ಮ ಚೆನ್ನ ಓದಿದ್ದ ಖರೆ” ಎಂದು ನನ್ನ ಹೆಸರು ಹಿಡಿದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

ಶನಿವಾರ ಬಂತು. ಹೆಣ್ಣು ನೋಡಲು ಬಂದವರಿಗೆ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಕೊಡಬೇಕಲ್ಲ, ಆ ತಂಬಿಗೆಯನ್ನು ಹುಡುಗಿಯೇ ಬೆಳಗಬೇಕು ಎಂಬುದು ನಮ್ಮ ಕಡೆಯ ರೂಢಿ. ಗಂಡಿನ ತಾಯಿ ನೀರು ಚೆಲ್ಲಿದ ನೆವದಲ್ಲಿ ತಂಬಿಗೆ ಬೋರಲು ಮಾಡಿ ಬುಡ ನೋಡುತ್ತಾಳೆ. ಬಾಯಿ ಯಾರಾದರೂ ಬೆಳಗುತ್ತಾರೆ, ಬುಡ ಬೆಳಗಿದವಳೇ ಸೊಸೆ. ದೊಡ್ಡವ್ವ ಈ ಪರೀಕ್ಷೆಯಲ್ಲಿ ಪಾಸಾಗಿ ಬಂದವಳು, ಆ ಕತೆಯನ್ನು ನಾವು ನೂರು ಸಲ ಕೇಳಿದ್ದೆವು.

ದೊಡ್ಡವ್ವ ಹನ್ನೆರಡು ತಂಬಿಗೆಗಳನ್ನು ತಾಮ್ರದ ಹಂಡೆಯಲ್ಲಿ ಉಪ್ಪಾಗೆ ಹುಳಿಯ ಬಿಸಿನೀರಿಗೆ ಮುಳುಗಿಸಿ ಬಚ್ಚಲಮನೆಯಲ್ಲಿ ಇಟ್ಟಿದ್ದಳು. ಹಳೆಯ ಕಿಲುಬು ಎರಡು ಮೂರು ತಂಬಿಗೆಯ ಬುಡದಲ್ಲಿ ಉಳಿದೇ ಇತ್ತು. ಆಗ ಅವಳ ಕಣ್ಣಿಗೆ ಡಬ್ಬಿ ಬಿತ್ತು. ಇಡೀ ಬಾವಿಯನ್ನು ಶುದ್ಧ ಮಾಡುವ ಪುಡಿ ಒಂದು ತಂಬಿಗೆಯ ಬುಡ ಬೆಳಗಲಾರದೆ? ಲೆಕ್ಕ ಸರಿಯಾಗಿಯೇ ಇತ್ತು. ಹೊರಗೆ ಗಿರಾಕಿಗಳು ಕೈ ತೊಳೆಯಲು ಹಿತ್ತಿಲಿಗೆ ಬರುವ ಹೊತ್ತು. ಗಂಡಿನವರು ನೋಡುವ ಮುಂಚೆ ಹುಡುಗಿಯನ್ನು ಕಂಡವರೆಲ್ಲ ನೋಡಬಾರದೆಂದು ಬಚ್ಚಲ ಬಾಗಿಲು ಮುಚ್ಚಿದ್ದರು, ಕಿಟಕಿಗೆ ಗೋಣಿತಟ್ಟು. ದೊಡ್ಡವ್ವ ಹೇಳಿದಂತೆ ಗಂಗಿ ಹಂಡೆಯ ಮೇಲೆ ಬಾಗಿ ಬೊಗಸೆ ಬೊಗಸೆ ಪುಡಿ ಹಾಕಿದಳು.

ನಾನು ಕಟ್ಟೆಯ ಮೇಲೆ ಕೂತು ಯಾರಿಗೋ ವರ್ತಮಾನಪತ್ರ ಓದಿ ಹೇಳುತ್ತಿದ್ದೆ. ತಂಬಿಗೆ ಉರುಳಿದ ಸದ್ದಾಯಿತು, ಆಮೇಲೆ ದೊಡ್ಡವ್ವನ ಕೆಮ್ಮು, ಅದು ಕೆಮ್ಮಿನ ಹಾಗಿರಲಿಲ್ಲ. ಓಡಿ ಹೋದಾಗ ಅವಳು ಬಾಗಿಲು ತೆರೆದು ಹೊರಗೆ ಬಿದ್ದಿದ್ದಳು. ಒಳಗೆ ಸೊಂಟದೆತ್ತರಕ್ಕೆ ಹಳದಿ ಹಸಿರು ಗಾಳಿ ನಿಂತಿತ್ತು. ಉಸಿರು ಬಿಗಿಹಿಡಿದು ನುಗ್ಗಿ ಕೈಗೆ ಸಿಕ್ಕಿದ ಗಂಗಿಯ ರಟ್ಟೆ ಹಿಡಿದು ಎಳೆದೆ. ಅವಳ ಕಣ್ಣು ಕೆಂಡ, ಬಾಯಿ ತೆರೆದೇ ಇತ್ತು, ಅದರಿಂದ ಸ್ವರ ಬರುತ್ತಿರಲಿಲ್ಲ. ಅಯ್ಯೋ ದೇವರೇ, ಸತ್ತಳು ಅಂದುಕೊಂಡೆ.

ಯಾರೋ ಪಕ್ಕದ ಓಣಿಯಿಂದ ಇಮಾಮಸಾಬರನ್ನು ಕರೆತಂದರು. “ಒಳಗ ಯಾರೂ ಹೋಗಬ್ಯಾಡ್ರಿ! ಹುಡುಗೀನ ಬಯಲಿಗೆ ತರ್ರಿ. ಸುತ್ತ ನಿಂದರಬ್ಯಾಡ್ರಿ, ಗಾಳಿ ಬಿಡ್ರಿ. ಕಣ್ಣಿಗೆ ನೀರು ಹಾಕ್ರಿ, ಬರೇ ನೀರು” ಎಂದರು. ಅಪ್ಪ ದಿಕ್ಕು ತೋಚದೆ ಸುಣ್ಣದ ನೀರಿನ ಬಕೇಟು ಎತ್ತಿಕೊಂಡು ಹಂಡೆಯತ್ತ ಹೊರಟಿದ್ದ. ಅವನ ಕೈ ಹಿಡಿದು, “ಅದಕ್ಕ ಮತ್ತೊಂದು ಕೂಡಿಸಬ್ಯಾಡ್ರಿ ಮಾಲಕರ, ಕೂಡಿದ್ದ ಎರಡ ಸಾಕಾಗ್ಯಾವ” ಎಂದರು. ಗಾಡಿ ಕಟ್ಟಿಸಿ ಗಂಗಿಯನ್ನು ದವಾಖಾನೆಗೆ ಕಳಿಸಿದವರೂ ಅವರೇ.

ಎಲ್ಲ ಮುಗಿದ ಮೇಲೆ ನನ್ನತ್ತ ತಿರುಗಿ ಕೇಳಿದರು: “ಚೀಟಿ ಓದಿ ಹೇಳಿದ್ದಿಲ್ಲೇನೋ ತಮ್ಮಾ?”

“ಓದಿದ್ದೆ” ಎಂದೆ.

ಸುಳ್ಳಲ್ಲ ನೋಡಿ. ಎಂಟರಲ್ಲಿ ಏಳು ಪಾಲು ನಿಜ. ಮ್ಯಾಟ್ರಿಕ್ಕಿನಲ್ಲೂ ನನಗೆ ಅಷ್ಟು ಅಂಕ ಬಂದಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು, “ಹೇಳಿದ್ರೂ ಹಿರೇರು ಕೇಳೂದಿಲ್ಲ” ಎಂದು ದೊಡ್ಡವ್ವನನ್ನು ನೋಡಿದರು. ಅಪ್ಪ ಅವಳನ್ನು ಅವತ್ತು ಮೊದಲ ಸಲ ಏರುದನಿಯಲ್ಲಿ ಬೈದ. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಮುಖವನ್ನು ಒಮ್ಮೆ ನೋಡಿದಳು. ಅಪ್ಪ ಬೈಯುವಷ್ಟು ಹೊತ್ತೂ ಅಲ್ಲೇ ನಿಂತಿದ್ದೆ.

ಸೋಮವಾರ ಗಂಡಿನ ಕಡೆಯವರು ಬಂದರು. ಗಂಗಿ ಹಿಂದಿನ ದಿನವಷ್ಟೇ ದವಾಖಾನೆಯಿಂದ ಮನೆಗೆ ಬಂದಿದ್ದಳು. ಬರಬೇಡಿ ಎಂದರೆ ಅಪಶಕುನ ಎಂದು ಅಪ್ಪ ಹೇಳಿಕಳಿಸಿರಲಿಲ್ಲ. ತಂಬಿಗೆಗಳು ಹೊಳೆಯುವುದಿರಲಿ, ಕರ್ರಗೆ ಹಸಿರಿಟ್ಟುಕೊಂಡಿದ್ದವು. ಗಂಡಿನ ತಾಯಿ ರೂಢಿಯಂತೆ ನೀರು ಚೆಲ್ಲಿ ಬುಡ ನೋಡಿದಳು. ಮುಖ ಎತ್ತಿ ಗಂಗಿಯ ಸುಲಿದ ಕೈ, ಊದಿದ ಕಣ್ಣು ನೋಡಿದಳು. ಅಪ್ಪ ತಡವರಿಸುತ್ತ ನಡೆದದ್ದು ಹೇಳಿದ.

“ಬುಡ ಕರ್ರಗಾದ್ರ ಆಗವಲ್ದ್ಯಾಕ, ಹುಡುಗಿ ಉಳಿದಾಳಲ್ಲ” ಎಂದಳು ಆ ತಾಯಿ. ಗಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಒಂದ ಸಾಲು ಹಾಡತೀಯೇನವ್ವಾ?” ಎಂದಳು. ಗಂಗಿ ಬಾಯಿ ತೆರೆದಳು. ಒಣ ಎಲೆ ತುಳಿದ ಹಾಗೊಂದು ಸದ್ದು ಬಂತು. “ಇರಲಿ ಬಿಡು, ಇವತ್ತಲ್ಲ ನಾಳೆ ಏಳತೈತಿ ಗಂಟಲ. ಮದುವಿ ಆದಮ್ಯಾಲೆ ಹಾಡುವಂತಿ” ಎಂದು ಆಕೆ ತಾನೇ ಕುಂಕುಮ ಹಚ್ಚಿದಳು.

ಮದುವೆಯಾಯಿತು. ಮಾತಿನ ಸ್ವರ ತಿಂಗಳೆರಡರಲ್ಲಿ ಬಂತು, ನಡುವೆ ಒಂದು ಬಿರುಕು ಇಟ್ಟುಕೊಂಡು. ಹಾಡಿನ ಸ್ವರ ಬರಲಿಲ್ಲ. ಸ್ವಲ್ಪ ಮೇಲೇರಿದರೆ ಎರಡಾಗಿ ಸೀಳಿ ಕೆಮ್ಮು ಬರುತ್ತಿತ್ತು. ಪ್ರತಿ ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಅವಳ ಪಕ್ಕದಲ್ಲಿ ಕೂತು, “ಇವತ್ತು ಹೆಂಗೈತಿ ಗಂಟಲ?” ಎಂದು ಕೇಳುತ್ತಿದ್ದಳಂತೆ. ಹಂಗಿಸುವುದಕ್ಕಲ್ಲ, ಮಳೆ ಬರುವ ಹಾಗಿದೆಯಾ ಎಂದು ಕೇಳುವ ಹಾಗೆ. ಹನ್ನೊಂದು ವರ್ಷ ಕೇಳಿ ಸತ್ತಳು. ಇದನ್ನೆಲ್ಲ ಗಂಗಿಯೇ ಒಮ್ಮೆ ನನಗೆ ಹೇಳಿದ್ದು. ನಾನು ಬೇರೆ ವಿಷಯ ತೆಗೆದೆ.

ನಾನು ಮಾಮಲೇದಾರ ಆಗಲಿಲ್ಲ. ಮಾಮಲೇದಾರರ ಕಚೇರಿಯಲ್ಲಿ ಕಾರಕೂನನಾದೆ. ದೊಡ್ಡವ್ವ ಆಮೇಲೆ ಉಪ್ಪಾಗೆಯಿಂದ ಪಾತ್ರೆ ಬೆಳಗಿದ್ದು ನಾನು ಕಾಣೆ. ಅವಳಿಗೆ ಇನ್ನೊಂದು ಹೊಸ ರೂಢಿ ಹತ್ತಿತ್ತು. ನಾನು ಮನೆಯಲ್ಲಿ ಏನೇ ಗಟ್ಟಿಯಾಗಿ ಓದಲಿ, ವರ್ತಮಾನಪತ್ರವಾಗಲಿ, ನೆಂಟರ ಕಾಗದವಾಗಲಿ, ನಿಲ್ಲಿಸಿದ ಕೂಡಲೇ ಒಳಗಿನಿಂದ, “ಮುಗೀತೇನೋ? ಇನ್ನೂ ಐತೇನು?” ಎಂದು ಕೇಳುತ್ತಿದ್ದಳು. ಮುದುಕಿಗೆ ಲೋಕದ ಸುದ್ದಿಯಲ್ಲಿ ಆಸಕ್ತಿ ಬಂತಲ್ಲ ಎಂದು ನಾನು ಸಂತೋಷಪಟ್ಟಿದ್ದೆ.

ಹೋದ ತಿಂಗಳು ಗಂಗಿ ಬಂದಿದ್ದಳು. ಈಗ ಮೊಮ್ಮಕ್ಕಳ ಅಜ್ಜಿ. ಸೊಸೆ ಪೇಟೆಯಿಂದ ಹೊಸ ಬಾಟಲಿಯೊಂದನ್ನು ತಂದಿದ್ದಳು, ನಾನು ವಾಡಿಕೆಯಂತೆ ಪುರಾಣ ಓದಿ ಮುಗಿಸಿದೆ. ಗಂಗಿ ಗೋಡೆಗೊರಗಿ ಕೂತಿದ್ದವಳು, ಬಿರುಕು ಬಿಟ್ಟ ಆ ದನಿಯಲ್ಲಿ, “ಮುಗೀತೇನೋ? ಇನ್ನೂ ಐತೇನು?” ಎಂದಳು.

ನಲವತ್ತು ವರ್ಷ ಬಾಯಿಗೆ ಬಾರದ್ದು ಬಂತು. “ಗಂಗೀ, ಅವತ್ತಿನ ಚೀಟ್ಯಾಗ ಎಂಟನೇ ಸಾಲು ಒಂದಿತ್ತು. ನಾ ಓದಲಿಲ್ಲ” ಎಂದೆ.

“ಗೊತ್ತೈತಿ. ಕಂಬಕ್ಕ ನೀನ ಹಚ್ಚಿದ್ದೆಲ್ಲ. ಹೋಗೂ ಮುಂದ ಬರೂ ಮುಂದ ಓದತಿದ್ದೆ. ಓದಾಕ ಮನ್ಯಾಗ ನನಗ ಮತ್ತೇನಿತ್ತು?”

“ಮತ್ತ ದೊಡ್ಡವ್ವಗ ಹೇಳಬಾರದಿತ್ತೇನ?”

“ಹೇಳಿದೆ. ಹುಳಿ ಬ್ಯಾಡಂತ ಬರದಾರ ದೊಡ್ಡವ್ವಾ ಅಂತ ಎರಡ ಸಲ ಹೇಳಿದೆ. ‘ಹಂಗ ಬರದಿದ್ರ ನಮ್ಮ ಚೆನ್ನ ಓದತಿದ್ದಿಲ್ಲೇನ? ಅವನಕಿಂತ ಹೆಚ್ಚಿಂದೇನ ನಿನ್ನ ಓದು?’ ಅಂದ್ಲು. ಖರೆ ಅನ್ನಿಸ್ತು ನನಗೂ. ಪುಡಿ ಹಾಕಿದೆ.”

ಬಾಟಲಿ ನನ್ನ ಕೈಯಲ್ಲೇ ಇತ್ತು. ಅಪ್ಪ ಬೈಯುತ್ತಿದ್ದಾಗ ನನ್ನ ಮುಖ ನೋಡಿದ ಆ ಕಣ್ಣುಗಳು ನೆನಪಾದವು. “ಹಂಗಾದ್ರ ದೊಡ್ಡವ್ವಗ ಎಲ್ಲಾ ಗೊತ್ತಿತ್ತು” ಎಂದೆ.

“ದವಾಖಾನ್ಯಾಗ ನನ್ನ ಕಡಿಂದ ಆಣಿ ಮಾಡಿಸಿಕೊಂಡ್ಲು” ಎಂದಳು ಗಂಗಿ. “ಚೆನ್ನನ ಮುಂದ ಎಂದೂ ಈ ಮಾತು ಎತ್ತಬ್ಯಾಡ, ಹುಡುಗ ಓದೂದ ಬಿಟ್ಟಾನು ಅಂತ.”